ಜೀರುಂಡೆ ಕೂಗುವುದು ನಿಂತಿದ್ದು ಯಾವಾಗ?

ಪ್ರಶ್ನೆ: ನನಗೀಗ 49. ತೀರ್ಥಹಳ್ಳಿ ಕಡೆಯ ಹಳ್ಳಿ, ಮೂರೆಕರೆ ಅಡಿಕೆ ತೋಟ. ಬಿ.ಪಿ., ಶುಗರ್ ಎಂದು ಯಾವತ್ತೂ ಡಾಕ್ಟರ ಹತ್ತಿರ ಹೋದವನಲ್ಲ. ಆದರೆ ಈ ಒಂದೇ ವರ್ಷದಲ್ಲಿ ಎಲ್ಲ ಒಟ್ಟಿಗೆ ಶುರುವಾದ ಹಾಗಿದೆ. ಮೈಲುತುತ್ತದ ಪೊಟ್ಟಣದ ಮೇಲಿನ ಅಕ್ಷರ ಓದಲು ಕೈ ಚಾಚಿ ಹಿಡಿಯುತ್ತೇನೆ, ಕೈ ಉದ್ದ ಸಾಲುವುದಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಯಿಂದ ಏಳುವಾಗ ನೆಲಕ್ಕೆ ಕೈ ಊರಬೇಕು, ಜೊತೆಗೆ ‘ಅಯ್ಯಮ್ಮಾ’ ಅಂತ ಬಾಯಿಂದ ತಾನಾಗಿ ಬರುತ್ತದೆ. ಹಳ್ಳದ ಸಂಕದ ಮೇಲೆ ಮಗ ಓಡಿಕೊಂಡು ದಾಟಿದ, ನಾನು ನಡುವೆ ನಿಂತುಬಿಟ್ಟೆ. ಅಟ್ಟ ಹತ್ತಿದ ಮೇಲೆ ಯಾಕೆ ಹತ್ತಿದೆ ಎಂಬುದೇ ನೆನಪಿರುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ. ಈ ಸಲ ಜೀರುಂಡೆ ಕೂಗಲೇ ಇಲ್ಲ, ಕಾಡು ಹಾಳಾಯ್ತು ಎಂದೆ. ಹೆಂಡತಿ ನಕ್ಕು, ‘ಕಿವಿ ತೂತಾಗೋ ಹಂಗೆ ಕೂಗ್ತಾ ಇದಾವಲ್ಲ ಮಾರಾಯ್ರೆ’ ಅಂದಳು. ಎಲ್ಲಕ್ಕಿಂತ ಬೇಜಾರಾದದ್ದು ಹೋದ ತಿಂಗಳು ಶಿವಮೊಗ್ಗ ಬಸ್ಸಿನಲ್ಲಿ. ಕಾಲೇಜು ಹುಡುಗನೊಬ್ಬ ಎದ್ದು ‘ಕೂತ್ಕಳಿ ಯಜಮಾನ್ರೆ’ ಎಂದು ಸೀಟು ಬಿಟ್ಟುಕೊಟ್ಟ. ಇದೆಲ್ಲ ವಯಸ್ಸೋ, ಕಾಯಿಲೆಯೋ? ಒಂದೇ ವರ್ಷದಲ್ಲಿ ಮುದುಕನಾಗುವುದು ಉಂಟಾ? ಅರವತ್ತಕ್ಕೆ ಅರಳು ಮರಳು ಅಂತಾರೆ, ನನಗೆ ಐವತ್ತಕ್ಕೇ ಬಂತಾ?

ಉತ್ತರ: ಸೀಟು ಸಿಕ್ಕಿತು ಸರಿ, ಕೂತಿರೋ ಇಲ್ಲವೋ ಅಂತ ಬರೆದಿಲ್ಲ ನೀವು. ನನ್ನ ಅನುಭವದಲ್ಲಿ ಇಂಥ ಹೊತ್ತಿನಲ್ಲಿ ಯಾರೂ ಕೂರುವುದಿಲ್ಲ. ‘ಬೇಡ ಬೇಡ, ಇಲ್ಲೇ ಇಳೀತೀನಿ’ ಎಂದು ಮಂಡಗದ್ದೆಯವರೆಗೂ ಕಂಬ ಹಿಡಿದು ನಿಂತೇ ಬರುತ್ತಾರೆ.

ನನ್ನ ಸರದಿ ಬಂದದ್ದು ಹೀಗೆ. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದಾಗ ಹಳ್ಳಿಯವರು ಬಾಗಿಲಲ್ಲಿ ಇಣುಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ದೊಡ್ಡ ಡಾಕ್ಟ್ರು ಇಲ್ವಾ?’ ಎಂದು ಕೇಳುತ್ತಿದ್ದರು. ಸಿಟ್ಟು ಬರುತ್ತಿತ್ತು. ಎರಡು ವರ್ಷದ ಹಿಂದೆ ಒಬ್ಬ ಅಜ್ಜಿ ಬಂದರು. ಒಳಗೆ ಕೂತ ನನ್ನನ್ನು ನೋಡಿ ಕೇಳಿದ್ದು: ‘ಇಲ್ಲಿ ಒಬ್ರು ಸಣ್ಣ ಡಾಕ್ಟ್ರು ಇದ್ರಲ್ಲ, ಅವರು ಬಿಟ್ಟು ಹೋದ್ರಾ?’ ಆ ಸಣ್ಣ ಡಾಕ್ಟ್ರು ನಾನೇ ಎಂದು ಹೇಳಲು ಅರ್ಧ ನಿಮಿಷ ಬೇಕಾಯಿತು.

ಇನ್ನು ನಿಮ್ಮ ಪ್ರಶ್ನೆ. ಒಂದೇ ವರ್ಷದಲ್ಲಿ ಆಯಿತು ಎನ್ನುತ್ತೀರಿ. ಲಿಂಗನಮಕ್ಕಿ ಹಿನ್ನೀರಿನ ಕಡೆ ನಂಟರಿದ್ದರೆ ನಿಮಗೆ ಮಡೆನೂರು ಡ್ಯಾಂ ಗೊತ್ತಿರುತ್ತದೆ. ಶರಾವತಿಗೆ ಮೊದಲು ಕಟ್ಟಿದ ಆ ಹಳೆಯ ಅಣೆಕಟ್ಟು 1964ರಲ್ಲಿ ಲಿಂಗನಮಕ್ಕಿ ಆದ ಮೇಲೆ ನೀರಿನಡಿ ಹೋಯಿತು. ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಮಳೆ ನಿಂತ ದಿನದಿಂದ ನೀರು ದಿನವೂ ಬೆರಳಷ್ಟು, ಗೇಣಷ್ಟು ಇಳಿಯುತ್ತದೆ, ಯಾರೂ ಗಮನಿಸುವುದಿಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ಮಡೆನೂರಿನ ಕಟ್ಟೆ ತಲೆ ಎತ್ತಿದ ಮೇಲೆ ‘ಅರೆ, ನೀರು ಇಷ್ಟು ಇಳೀತಾ!’ ಎಂದು ಜನ ನೋಡಲು ಹೋಗುತ್ತಾರೆ. ಕಟ್ಟೆ ಅವತ್ತು ಬೆಳೆಯಲಿಲ್ಲ, ನೀರು ಅವತ್ತೊಂದೇ ದಿನ ಇಳಿಯಲೂ ಇಲ್ಲ.

ದೇಹದ್ದೂ ಅದೇ ಲೆಕ್ಕ. ಕಣ್ಣು, ಕಿವಿ, ಸ್ನಾಯು, ಮೂತ್ರಪಿಂಡ, ಎಲ್ಲವನ್ನೂ ಪ್ರಕೃತಿ ನಮಗೆ ದಿನನಿತ್ಯಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ತಾಕತ್ತಿನೊಂದಿಗೆ ಕೊಟ್ಟು ಕಳಿಸಿರುತ್ತದೆ. ಮೂವತ್ತರಿಂದಲೇ ಆ ದಾಸ್ತಾನು ಕರಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚಿರುವ ತನಕ ಗೊತ್ತಾಗುವುದಿಲ್ಲ. ದಾಸ್ತಾನೂ ಅಗತ್ಯವೂ ಸಮವಾದ ದಿನ ನೀವು ಪಂಕ್ತಿಯಲ್ಲಿ ನೆಲಕ್ಕೆ ಕೈ ಊರುತ್ತೀರಿ.

ಹಾಗಂತ ‘ಒಂದೇ ಸಲಕ್ಕೆ’ ಎಂಬ ನಿಮ್ಮ ಅನಿಸಿಕೆ ಪೂರ್ತಿ ಸುಳ್ಳೆಂದೂ ಹೇಳಲಾರೆ. 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು 25ರಿಂದ 75 ವಯಸ್ಸಿನ 108 ಜನರ ರಕ್ತ, ಮಲ, ಚರ್ಮದ ಮಾದರಿಗಳಲ್ಲಿ ಸಾವಿರಾರು ಅಣುಗಳನ್ನು ಅಳೆದರು. ಬದಲಾವಣೆ ಒಂದೇ ಸಮ ಇರಲಿಲ್ಲ. 44ರ ಆಸುಪಾಸಿನಲ್ಲೊಮ್ಮೆ, 60ರ ಆಸುಪಾಸಿನಲ್ಲೊಮ್ಮೆ ಗುಂಪುಗುಂಪಾಗಿ ಏರಿಳಿದಿತ್ತು. ಆದರೆ 108 ಜನ ಎಂದರೆ ನಮ್ಮ ಕಡೆಯ ಒಂದು ಸಣ್ಣ ಗೃಹಪ್ರವೇಶಕ್ಕೆ ಸೇರುವಷ್ಟು ಮಂದಿ, ಅವರೂ ಕ್ಯಾಲಿಫೋರ್ನಿಯಾದವರು. ಇಷ್ಟರಿಂದ ತೀರ್ಥಹಳ್ಳಿಯ ತೋಟದವರ ಜಾತಕ ಬರೆಯಲು ಆಗುವುದಿಲ್ಲ.

ಮೂವತ್ತು ವರ್ಷದಿಂದ ನಾನು ಬಳಸುವ ಅಳತೆಗೋಲು ಇದಕ್ಕಿಂತ ಸರಳ. ವಯಸ್ಸು ನಿಧಾನಕ್ಕೆ ಬರುತ್ತದೆ, ಬಂದರೆ ಎರಡೂ ಕಡೆಗೆ ಬರುತ್ತದೆ. ಬೇಗ ಬಂದದ್ದು, ಒಂದೇ ಕಡೆ ಬಂದದ್ದು ಕಾಯಿಲೆ ಎಂದೇ ಮೊದಲು ಎಣಿಸಬೇಕು. ಎರಡೂ ಮಂಡಿ ಹತ್ತು ವರ್ಷದಲ್ಲಿ ಬಿಗಿಯಾದರೆ ವಯಸ್ಸಿನ ಖಾತೆಗೆ ಹಾಕಬಹುದು. ಒಂದೇ ಮಂಡಿ ಒಂದು ವಾರದಲ್ಲಿ ಬಾತರೆ ಆ ಖಾತೆಗೆ ಹಾಕಬಾರದು. ‘ವಯಸ್ಸಾಯ್ತು, ಇನ್ನೆಂತ’ ಎಂಬ ಮಾತು ಮಲೆನಾಡಿನಲ್ಲಿ ಬಹಳ ಜನರ ಕಾಯಿಲೆಯನ್ನು ಮುಚ್ಚಿಟ್ಟಿದೆ. ಈ ಅಳತೆಗೋಲು ಹಿಡಿದೇ ನಿಮ್ಮ ಪತ್ರ ಓದೋಣ.

ಕಣ್ಣಿನದು ಸುಲಭ. ಓದುವ ಕನ್ನಡಕಕ್ಕೆ ನಮ್ಮವರು ಚಾಳೀಸು ಎನ್ನುತ್ತಾರಲ್ಲ, ಅದು ಹಿಂದಿಯ ನಲವತ್ತು. ರೋಗದ ಹೆಸರಿನಲ್ಲೇ ವಯಸ್ಸು ಬರೆದಿಟ್ಟಿದ್ದಾರೆ. ಕಣ್ಣೊಳಗಿನ ಮಸೂರ ಎಳೆಯ ವಯಸ್ಸಿನಲ್ಲಿ ಮೆತ್ತಗಿರುತ್ತದೆ, ಹತ್ತಿರದ್ದನ್ನು ನೋಡಲು ಉಬ್ಬುತ್ತದೆ. ವರ್ಷ ಹೋದ ಹಾಗೆ ಗಟ್ಟಿಯಾಗುತ್ತದೆ. ಹತ್ತು ವರ್ಷದ ಹುಡುಗ 7–8 ಸೆಂಟಿಮೀಟರ್ ಹತ್ತಿರದ ಅಕ್ಷರವನ್ನೂ ಸ್ಪಷ್ಟವಾಗಿ ನೋಡಬಲ್ಲ. ಐವತ್ತರ ಹೊತ್ತಿಗೆ ಆ ದೂರ 40 ಸೆಂಟಿಮೀಟರಿನ ಆಸುಪಾಸಿಗೆ ಬಂದಿರುತ್ತದೆ, ಆರಾಮವಾಗಿ ಓದಬೇಕಾದರೆ ಇನ್ನೂ ಆಚೆ. ಅಷ್ಟು ದೂರ ಹಿಡಿದರೆ ಪೊಟ್ಟಣದ ಅಕ್ಷರ ಮತ್ತಷ್ಟು ಸಣ್ಣದಾಗಿ ಕಾಣುತ್ತದೆ. ಕೈ ಉದ್ದ ಸಾಲದಿರುವುದು ಅದಕ್ಕೇ.

ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಸಿಗುವ ರೆಡಿಮೇಡ್ ಚಾಳೀಸಿನಿಂದ ಕಣ್ಣು ಹಾಳಾಗುವುದಿಲ್ಲ, ಹಾಕಿಕೊಂಡರೆ ನಂಬರ್ ಏರುತ್ತದೆ ಎಂಬುದೂ ಸುಳ್ಳು. ಅರವತ್ತು ದಾಟುವ ತನಕ ನಂಬರ್ ಹೇಗೂ ಏರುತ್ತದೆ, ಆಮೇಲೆ ನಿಲ್ಲುತ್ತದೆ. ಜಾತ್ರೆಯವನು ಕಣ್ಣಿನ ಒತ್ತಡ ನೋಡುವುದಿಲ್ಲ ಎಂಬುದಷ್ಟೇ ನನ್ನ ತಕರಾರು, ಅದನ್ನು ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಮಾಡಿಸಿ. ಇನ್ನೊಂದು ವಿಷಯವನ್ನು ನಿಮ್ಮ ಮನೆಯ ಹಿರಿಯರಿಗೆ ಹೇಳಿ. ಎಪ್ಪತ್ತು ದಾಟಿದವರು ಇದ್ದಕ್ಕಿದ್ದಂತೆ ಚಾಳೀಸು ಬಿಟ್ಟು ಪೇಪರ್ ಓದತೊಡಗಿದರೆ ಮನೆಯವರೆಲ್ಲ ‘ಅಜ್ಜನ ಕಣ್ಣು ನೋಡು, ಎಷ್ಟು ಚುರುಕು’ ಎಂದು ಖುಷಿಪಡುತ್ತಾರೆ. ಪೊರೆ ಬೆಳೆಯುವಾಗ ಮಸೂರದ ಶಕ್ತಿ ಬದಲಾಗಿ ಹತ್ತಿರದ ನೋಟ ಸ್ವಲ್ಪ ಕಾಲ ತಿಳಿಯಾಗುವುದುಂಟು. ಖುಷಿ ಮುಗಿಸಿ ಪೊರೆ ತಪಾಸಣೆಗೆ ಕರೆದುಕೊಂಡು ಹೋಗಿ. ನಂಬರ್ ವಾರಕ್ಕೊಂದು ಥರ ಅನ್ನಿಸಿದರೆ ಮಾತ್ರ ಕನ್ನಡಕದ ಅಂಗಡಿ ಬಿಟ್ಟು ಶುಗರ್ ಪರೀಕ್ಷೆಗೆ ಹೋಗಬೇಕು. ರಕ್ತದ ಸಕ್ಕರೆ ಏರಿಳಿದಾಗ ಮಸೂರ ಉಬ್ಬಿ ಇಳಿಯುತ್ತದೆ.

ಈಗ ಜೀರುಂಡೆ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಈ ಸಾಲನ್ನು.

ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಸುರುಳಿ ಇದೆ, ಅದರೊಳಗೆ ಸೂಕ್ಷ್ಮ ರೋಮಕೋಶಗಳು. ಕೀರಲು ಸದ್ದಿನವು ಸುರುಳಿಯ ಬಾಗಿಲಲ್ಲಿ, ದಪ್ಪ ಸದ್ದಿನವು ಒಳಗೆ. ಬಾಗಿಲಲ್ಲಿ ಇರುವವರಿಗೇ ಮೊದಲ ಪೆಟ್ಟು. ಹುಟ್ಟಿದಾಗ ಎಷ್ಟಿದ್ದವೋ ಅಷ್ಟೇ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ವಯಸ್ಸಾದಂತೆ ಕೀರಲು ಸದ್ದು ಮೊದಲು ಮರೆಯಾಗುತ್ತದೆ. ನಮ್ಮ ಜೀರುಂಡೆ, ಚಿಮ್ಮಂಡೆಗಳ ಸದ್ದು ಬಹುತೇಕ ಆ ಕೀರಲು ಸದ್ದಿನ ಸಾಲಿಗೇ ಸೇರುತ್ತದೆ. ಗುಡುಗು ಕೇಳುತ್ತದೆ, ಎಮ್ಮೆ ಕೂಗು ಕೇಳುತ್ತದೆ, ಜೀಪಿನ ಸದ್ದು ಕೇಳುತ್ತದೆ. ಹಾಗಾಗಿ ಕಿವಿ ಸರಿ ಇದೆ ಎಂದುಕೊಳ್ಳುತ್ತೇವೆ, ಕಾಡಿನ ಮೇಲೆ ತಪ್ಪು ಹಾಕುತ್ತೇವೆ.

ಆದರೆ 49ಕ್ಕೆ ಕೇವಲ ವಯಸ್ಸಿನಿಂದ ಜೀರುಂಡೆ ಪೂರ್ತಿ ಮಾಯವಾಗುವುದು ಬೇಗವೇ ಆಯಿತು. ಅದಕ್ಕೇ ನಾನು ಕೇಳುವ ಮೊದಲ ಪ್ರಶ್ನೆ: ತೋಟದಲ್ಲಿ ಕಳೆ ಹೊಡೆಯುವ ಮಿಷನ್ ಯಾರು ಹಿಡಿಯುತ್ತಾರೆ? ಆಳು ಸಿಗದ ಈ ಕಾಲದಲ್ಲಿ ನೀವೇ ಇರಬೇಕು. ಬೆನ್ನಿಗೆ ಕಟ್ಟಿದ ಆ ಇಂಜಿನ್ನಿನ ಸದ್ದು ಕಿವಿಯ ಹತ್ತಿರ ಸಾಮಾನ್ಯವಾಗಿ 90 ಡೆಸಿಬಲ್ ದಾಟಿರುತ್ತದೆ. ದಿನಕ್ಕೆ ಎಂಟು ಗಂಟೆ ತಡೆಯಬಹುದಾದ ಮಿತಿ 85. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದರೂ ಹೊತ್ತು ಅರ್ಧ ಮಾಡಿಕೊಳ್ಳಬೇಕು, ಅಂದರೆ 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಪಂಪು, ಅಡಿಕೆ ಸುಲಿಯುವ ಯಂತ್ರ ಬೇರೆ. ಸದ್ದಿನಿಂದ ಹೋದ ಕಿವಿ ಪರೀಕ್ಷೆಯ ನಕ್ಷೆಯಲ್ಲಿ 4000 ಹರ್ಟ್ಸ್ ಹತ್ತಿರ ಗುಂಡಿ ಬಿದ್ದ ಹಾಗೆ ಕಾಣುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಕಳೆ ಮಿಷನ್ ಕೊಂಡವರಲ್ಲಿ ಕಿವಿಗೆ ಏನಾದರೂ ಹಾಕಿಕೊಂಡು ಕೆಲಸ ಮಾಡುವವರನ್ನು ನಾನು ಬೆರಳೆಣಿಕೆಯಷ್ಟೂ ಕಂಡಿಲ್ಲ. ಹತ್ತಿಪ್ಪತ್ತು ರೂಪಾಯಿಯ ಸ್ಪಂಜಿನ ಬಿರಡೆ ಸಾಕು. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯುತ್ತದೆ.

ಜೀರುಂಡೆ ಕೇಳದಿದ್ದರೆ ಏನು ನಷ್ಟ, ರಾತ್ರಿ ಚೆನ್ನಾಗಿ ನಿದ್ದೆ ಬರುತ್ತೆ ಎನ್ನುವವರಿದ್ದಾರೆ. ನಷ್ಟ ಇದೆ. ಸ, ಶ, ತ, ಕದಂಥ ವ್ಯಂಜನಗಳ ಗುರುತೂ ಆ ಕೀರಲು ಸದ್ದಿನಲ್ಲೇ ಇದೆ. ಸ್ವರ ಕೇಳಿ ವ್ಯಂಜನ ತಪ್ಪಿದರೆ ‘ಸಾರು ಬೇಕಾ’ ಎಂದದ್ದು ‘ಯಾರು ಬೇಕಾ’ ಎಂದಂತೆ ಆಗುತ್ತದೆ. ಹೆಂಗಸರ, ಮಕ್ಕಳ ದನಿ ಮೊದಲು ಮಸುಕಾಗುತ್ತದೆ. ಸದ್ದು ಕೇಳುತ್ತೆ, ಮಾತು ಹಿಡಿಯಲ್ಲ ಎನ್ನುವ ಸ್ಥಿತಿ ಅದು. ಆಮೇಲೆ ನಾಲ್ಕು ಜನ ಕೂತಲ್ಲಿ ಹೋಗುವುದು ಬಿಡುತ್ತಾರೆ. ಮರೆವಿನ ಕಾಯಿಲೆಗೆ ತಡೆಯಬಹುದಾದ 14 ಕಾರಣಗಳನ್ನು 2024ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ ಪಟ್ಟಿ ಮಾಡಿದಾಗ ಕಿವಿ ಮಂದವಾಗುವುದು ಅದರಲ್ಲಿ ದೊಡ್ಡ ಪಾಲು ಪಡೆದಿತ್ತು. ಆಡಿಯೋಗ್ರಾಮ್ ಎಂಬ ಕಿವಿಯ ಪರೀಕ್ಷೆ ಮಾಡಿಸಿ, ಅರ್ಧ ಗಂಟೆಯ ಕೆಲಸ. ಒಂದೇ ಕಿವಿ ರಾತ್ರಿ ಬೆಳಗಾಗುವುದರಲ್ಲಿ ಮುಚ್ಚಿದ ಹಾಗಾದರೆ ಮಾತ್ರ ಕಾಯಬೇಡಿ, ಎಣ್ಣೆ ಬಿಡಬೇಡಿ, ಅವತ್ತೇ ಅಥವಾ ಮಾರನೇ ದಿನ ಕಿವಿಯ ತಜ್ಞರನ್ನು ನೋಡಿ. ಅದಕ್ಕೆ ಔಷಧ ಇದೆ, ದಿನ ಕಳೆದಷ್ಟೂ ಫಲ ಕಡಿಮೆ.

ಪಂಕ್ತಿಯಿಂದ ಏಳುವುದು ಮತ್ತು ಸಂಕ ದಾಟುವುದು ಮೇಲ್ನೋಟಕ್ಕೆ ಬೇರೆ ಬೇರೆ, ಮೂಲ ಒಂದೇ. ಮದುವೆ ಮನೆಗಳಲ್ಲಿ ಈಗ ಎರಡು ಸಾಲು ನೋಡಿದ್ದೀರಲ್ಲ, ನೆಲದ್ದೊಂದು, ಟೇಬಲಿನದ್ದೊಂದು. ಒಳಗೆ ಬಂದವರ ಕಣ್ಣು ಮೊದಲು ಯಾವ ಸಾಲಿನ ಕಡೆ ಹೋಗುತ್ತದೆ ಎಂದು ನೋಡಿದರೆ ಸಾಕು, ಆಧಾರ್ ಕಾರ್ಡ್ ಕೇಳಬೇಕಿಲ್ಲ. ಮೂವತ್ತು ದಾಟಿದ ಮೇಲೆ ದಶಕಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಸ್ನಾಯು ಕರಗುತ್ತದೆ. ಅರವತ್ತರ ಮೇಲೆ ಇನ್ನೂ ಬೇಗ. ಸ್ನಾಯುವಿನೊಳಗೂ ಎಲ್ಲ ಎಳೆ ಸಮಾನವಾಗಿ ಹೋಗುವುದಿಲ್ಲ, ಚಟ್ಟನೆ ಕೆಲಸ ಮಾಡುವ ಎಳೆಗಳು ಮೊದಲು ಸೊರಗುತ್ತವೆ. ಹಾಗಾಗಿ ಐವತ್ತರ ರೈತ ಗೊಬ್ಬರದ ಬುಟ್ಟಿ ಹೊರಬಲ್ಲ, ಪಾಚಿಯ ಮೇಲೆ ಕಾಲು ಜಾರಿದಾಗ ಸಾವರಿಸಿಕೊಳ್ಳಲಾರ. ಬಲ ಇದೆ, ಚುರುಕು ಇಲ್ಲ. ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ, ದಬ್ಬೆ ಹಾಸುತ್ತಿದ್ದ ನಮ್ಮ ಹಿರಿಯರಿಗೆ ಈ ವಿಜ್ಞಾನ ಗೊತ್ತಿರಲಿಲ್ಲ, ಜಾರಿ ಬಿದ್ದವರು ಗೊತ್ತಿದ್ದರು. ಈಗ ಅಂಗಳಕ್ಕೆ ನುಣುಪು ಟೈಲ್ಸ್ ಹಾಕಿಸಿ ಸೊಂಟ ಮುರಿದುಕೊಂಡು ಬರುತ್ತಾರೆ.

ಸಂಕದ ಮೇಲೆ ನೀವು ನಿಂತುಬಿಟ್ಟದ್ದು ಹೆದರಿಕೆಯಿಂದಲ್ಲ. ನಿಂತ ನೆಲದ ಸುದ್ದಿಯನ್ನು ಮಿದುಳಿಗೆ ಮೂವರು ಹೇಳುತ್ತಾರೆ: ಕಣ್ಣು, ಒಳಕಿವಿಯ ಸಮತೋಲನದ ಭಾಗ, ಅಂಗಾಲು-ಕೀಲುಗಳು. ಸಂಕದ ಕೆಳಗೆ ನೀರು ಹರಿಯುತ್ತಿರುವಾಗ ಕಣ್ಣು ಸುಳ್ಳು ಹೇಳುತ್ತದೆ, ನೀವೇ ಸರಿಯುತ್ತಿರುವಂತೆ. ಹುಡುಗನಿಗೆ ಉಳಿದ ಇಬ್ಬರ ಸಾಕ್ಷ್ಯ ಗಟ್ಟಿ ಇರುತ್ತದೆ, ಕಣ್ಣಿನ ಮಾತು ತಳ್ಳಿಹಾಕುತ್ತಾನೆ. ನಮ್ಮ ವಯಸ್ಸಿಗೆ ಆ ಇಬ್ಬರ ದನಿಯೂ ಸಣ್ಣದಾಗಿರುತ್ತದೆ. ಚಾಳೀಸು ಅಥವಾ ಎರಡು ಹೋಳಿನ ಕನ್ನಡಕ ಹಾಕಿಕೊಂಡು ಸಂಕ, ಮೆಟ್ಟಿಲು ಇಳಿಯಬೇಡಿ. ಕೆಳಗೆ ನೋಡಿದಾಗ ಓದುವ ಗಾಜಿನ ಮೂಲಕವೇ ನೋಡುತ್ತೀರಿ, ಕಾಲಿಡುವ ಜಾಗ ಮಸುಕು.

ಮನೆಯಲ್ಲೇ ಎರಡು ಪರೀಕ್ಷೆ ಮಾಡಿಕೊಳ್ಳಿ. ಕೈ ಎದೆಗೆ ಕಟ್ಟಿ ಕುರ್ಚಿಯಿಂದ ಐದು ಸಲ ಪೂರ್ತಿ ಎದ್ದು ಕೂತುಕೊಳ್ಳಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಸ್ನಾಯು ನಿಮ್ಮ ವಯಸ್ಸಿಗೆ ತಕ್ಕಂತಿಲ್ಲ. ಎರಡನೆಯದು, ಜಗಲಿಯ ಕಂಬದ ಪಕ್ಕ ಒಂಟಿ ಕಾಲಲ್ಲಿ 10 ಸೆಕೆಂಡು ನಿಲ್ಲುವುದು. ಬ್ರೆಜಿಲ್‌ನಲ್ಲಿ 51ರಿಂದ 75 ವಯಸ್ಸಿನ 1,702 ಜನರನ್ನು ಹೀಗೆ ನಿಲ್ಲಿಸಿ ಏಳು ವರ್ಷದಷ್ಟು ಕಾಲ ಹಿಂಬಾಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸರಿಸುಮಾರು ಐದರಲ್ಲಿ ಒಬ್ಬರಿಗೆ ಆಗಲಿಲ್ಲ, ಅವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಕಾಲು ನಿಲ್ಲದ್ದರಿಂದ ಸತ್ತರು ಅಂತಲ್ಲ. ಕಾಲು ನಿಲ್ಲದವರಲ್ಲಿ ಶುಗರ್, ಬೊಜ್ಜು, ಹೃದಯದ ತೊಂದರೆ ಮೊದಲೇ ಮನೆ ಮಾಡಿತ್ತು.

ಇಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ನಿಮ್ಮ ಪಟ್ಟಿಯಲ್ಲಿ ಹಿಂದಕ್ಕೆ ತರಬಹುದಾದದ್ದು ಇದೊಂದೇ. ದಿನಾ ನೆಲದ ಮೇಲೆ ಕೂತು ಏಳುವುದನ್ನು ಬಿಡಬೇಡಿ, ಕೈ ಊರಿಯಾದರೂ ಸರಿ. ಟೇಬಲ್ಲಿಗೆ ಹೋದವರು ನೆಲಕ್ಕೆ ವಾಪಸು ಬಂದದ್ದನ್ನು ನಾನು ಕಡಿಮೆ ನೋಡಿದ್ದೇನೆ. ಊಟದ ಬಗ್ಗೆ ಹೇಳಿದರೆ ಮನೆಯವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ: ತಂಬುಳಿ ಬಹಳ ರುಚಿ, ಅದರಲ್ಲಿ ಪ್ರೋಟೀನ್ ಹುಡುಕಬೇಡಿ. ಒಂದು ಬೆಟ್ಟ ಅನ್ನ, ತಿಳಿಸಾರು, ತಂಬುಳಿ, ಉಪ್ಪಿನಕಾಯಿ ಎಂದರೆ ಹೊಟ್ಟೆ ತುಂಬುತ್ತದೆ, ತೊಡೆ ತುಂಬುವುದಿಲ್ಲ. ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು ಒಂದು ಗ್ರಾಂ ಪ್ರೋಟೀನ್ ಬೇಕು. ಮೊಳಕೆ ಹೆಸರುಕಾಳು, ಗಟ್ಟಿ ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಇವು ಪ್ರತಿ ಊಟದಲ್ಲೂ ಇರಲಿ.

ಅಟ್ಟದ ವಿಷಯಕ್ಕೆ ನಕ್ಕುಬಿಟ್ಟೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಬಾಗಿಲು ದಾಟಿ ಹೋದ ಕೂಡಲೇ ಹಿಂದಿನ ಕೋಣೆಯ ಯೋಚನೆ ಮಸುಕಾಗುತ್ತದೆ ಎಂಬುದನ್ನು ಅಮೆರಿಕದಲ್ಲಿ 2011ರ ಪ್ರಯೋಗವೊಂದು ತೋರಿಸಿತು. ಪ್ರಯೋಗಕ್ಕೆ ಒಳಗಾದವರು ಕಾಲೇಜು ವಿದ್ಯಾರ್ಥಿಗಳು! ಹುಡುಗರು ಮರೆತರೆ ‘ಮೊಬೈಲ್ ಗೀಳು’, ನಾವು ಮರೆತರೆ ‘ಅರಳು ಮರಳು’. ಗೊತ್ತಿರುವವರ ಹೆಸರು ನಾಲಿಗೆ ತುದಿಯಲ್ಲಿ ನಿಂತುಬಿಡುವುದು ನಿಜಕ್ಕೂ ವಯಸ್ಸಿನದು, ಕಾಯಿಲೆಯದ್ದಲ್ಲ. ಅರ್ಧ ಗಂಟೆ ಬಿಟ್ಟು ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುವಾಗ ಹೆಸರು ತಾನಾಗಿ ಬರುತ್ತದೆ.

ನಾನು ಚಿಂತೆ ಮಾಡುವುದು ಬೇರೆ ಥರದ ಮರೆವಿಗೆ. ಅಡಿಕೆ ಮಂಡಿಯ ವ್ಯಾಪಾರದ ಲೆಕ್ಕ ಇಪ್ಪತ್ತು ವರ್ಷ ನೋಡಿದವರು ಅದನ್ನು ಕೂಡಿಸಲಾರದೆ ಹೋಗುವುದು, ಸ್ವಂತ ತೋಟದಲ್ಲಿ ದಾರಿ ತಪ್ಪುವುದು, ಕೇಳಿದ್ದನ್ನೇ ಹತ್ತು ನಿಮಿಷದಲ್ಲಿ ಮತ್ತೆ ಕೇಳುವುದು. ಅಂಥವರು ಪತ್ರ ಬರೆಯುವುದಿಲ್ಲ, ಅವರಿಗೆ ಗೊತ್ತೇ ಆಗಿರುವುದಿಲ್ಲ. ಮನೆಯವರು ಕರೆತರುತ್ತಾರೆ. ನೀವೇ ಹೇಳಿಕೊಂಡು ಬಂದಿದ್ದೀರಿ ಎಂಬುದೇ ಅರ್ಧ ಸಮಾಧಾನ. ಆ ಗಾದೆಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಅರವತ್ತಕ್ಕೆ ಅರಳು ಮರಳು ಆಗಬೇಕೆಂದಿಲ್ಲ, ಎಂಬತ್ತಕ್ಕೂ ಇಲ್ಲ. ಆಯಿತೆಂದರೆ ಅದು ಕಾಯಿಲೆ, ಪರೀಕ್ಷೆ ಮಾಡಬೇಕು. ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ-12 ಕೊರತೆ, ಥೈರಾಯ್ಡ್, ಮನಸ್ಸಿನ ಖಿನ್ನತೆ ಇವೆಲ್ಲ ಮರೆವಿನ ವೇಷದಲ್ಲಿ ಬರುತ್ತವೆ, ಮಾತ್ರೆ, ಇಂಜೆಕ್ಷನ್ನಿಗೆ ಹೋಗುತ್ತವೆ. ಗಾದೆ ಹೇಳಿ ಮೂಲೆಯಲ್ಲಿ ಕೂರಿಸಿದರೆ ಯಾರು ಪರೀಕ್ಷೆ ಮಾಡಿಸುತ್ತಾರೆ?

ನಾಲ್ಕು ಗಂಟೆಯ ಎಚ್ಚರಕ್ಕೆ ಹೆಚ್ಚು ಬರೆಯುವುದಿಲ್ಲ. ವಯಸ್ಸಾದಂತೆ ಗಾಢ ನಿದ್ದೆಯ ಪಾಲು ಕಡಿಮೆಯಾಗುತ್ತದೆ, ದೇಹದ ಗಡಿಯಾರ ಮುಂದಕ್ಕೆ ಓಡುತ್ತದೆ. ಒಂಬತ್ತಕ್ಕೆ ಮಲಗಿದವರಿಗೆ ನಾಲ್ಕಕ್ಕೆ ಏಳು ಗಂಟೆ ಆಯಿತಲ್ಲ. ಮೂತ್ರಕ್ಕೆ ಎರಡು ಮೂರು ಸಲ ಏಳುತ್ತಿದ್ದರೆ, ಗೊರಕೆಯ ನಡುವೆ ಉಸಿರು ಕಟ್ಟಿ ಎಚ್ಚರವಾಗುತ್ತಿದ್ದರೆ ಮಾತ್ರ ಹೇಳಿ.

ಬಸ್ಸಿನ ಹುಡುಗನ ಕಥೆಗೆ ಬರೋಣ. ಕಣ್ಣು, ಕಿವಿ, ಕಾಲು ಹೇಳಿದ್ದಕ್ಕಿಂತ ಬೇರೆಯವರ ಬಾಯಿಂದ ಬಂದ ಒಂದು ಶಬ್ದ ಹೆಚ್ಚು ನಾಟುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಏಣಿಯೇ ಇದೆ: ತಮ್ಮಾ, ಅಣ್ಣಾ, ಅಂಕಲ್, ಯಜಮಾನ್ರೆ, ಅಜ್ಜಾ. ಹತ್ತುವುದಷ್ಟೇ, ಇಳಿಯುವುದಿಲ್ಲ. ಹೆಂಗಸರಿಗೆ ಇನ್ನೂ ಬೇಗ. ಗಾಂಧಿ ಬಜಾರಿನಲ್ಲಿ ಸೊಪ್ಪಿನವನು ‘ಅಕ್ಕಾ’ ಬಿಟ್ಟು ‘ಆಂಟಿ’ ಎಂದ ದಿನವನ್ನು ತಾರೀಖು ಸಮೇತ ಹೇಳಿದವರು ನನ್ನ ರೋಗಿಗಳಲ್ಲಿದ್ದಾರೆ. ಡೆನ್ಮಾರ್ಕಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಲವತ್ತು ದಾಟಿದವರಿಗೆ ತಮ್ಮ ವಯಸ್ಸು ಇರುವುದಕ್ಕಿಂತ ಸುಮಾರು ನೂರಕ್ಕೆ ಇಪ್ಪತ್ತರಷ್ಟು ಕಡಿಮೆ ಅನ್ನಿಸುತ್ತದೆ. ನಿಮ್ಮ 49ಕ್ಕೆ ಆ ಲೆಕ್ಕ ಹಾಕಿದರೆ 39. ಹುಡುಗ ಸೀಟು ಕೊಟ್ಟದ್ದು 49ರವನಿಗೆ, ಬೇಜಾರಾದದ್ದು 39ರವನಿಗೆ.

ಅಮೆರಿಕದ ಓಹಾಯೋದಲ್ಲಿ ಐವತ್ತು ದಾಟಿದ 660 ಜನರನ್ನು ವರ್ಷಗಟ್ಟಲೆ ಗಮನಿಸಿದ ಇನ್ನೊಂದು ಅಧ್ಯಯನ 2002ರಲ್ಲಿ ಬಂತು. ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಭಾವನೆಯಿಂದ ಆಯುಷ್ಯ ಬಂತೋ, ಗಟ್ಟಿಮುಟ್ಟಾದವರಿಗೆ ಭಾವನೆ ಚೆನ್ನಾಗಿತ್ತೋ ಎಂದು ನಾನು ವಾದಕ್ಕೆ ಇಳಿಯುವುದಿಲ್ಲ. ಮುಂದಿನ ಸಲ ಸೀಟು ಕೊಟ್ಟರೆ ಕೂತುಬಿಡಿ. ಸರ್ಕಾರಿ ಬಸ್ಸಿನಲ್ಲಿ ಹಿರಿಯರ 25 ಪರ್ಸೆಂಟ್ ರಿಯಾಯಿತಿಗೆ ನಿಮಗಿನ್ನೂ ಹನ್ನೊಂದು ವರ್ಷ ಇದೆ, ಅಲ್ಲಿಯವರೆಗೆ ಸಿಕ್ಕಿದ್ದೇ ಲಾಭ.

ಇಷ್ಟರಲ್ಲಿ ಯಾವುದೂ ನನ್ನನ್ನು ಹೆದರಿಸಲಿಲ್ಲ. ಹೆದರಿಸಿದ್ದು ನಿಮ್ಮ ಪತ್ರದ ಒಂದೇ ವಾಕ್ಯ, ನೀವು ಹೆಮ್ಮೆಯಿಂದ ಬರೆದದ್ದು: ‘ಬಿ.ಪಿ., ಶುಗರ್ ಎಂದು ಯಾವತ್ತೂ ಡಾಕ್ಟರ ಹತ್ತಿರ ಹೋದವನಲ್ಲ.’ ಹೋಗಿಲ್ಲ ಎಂದರೆ ಇಲ್ಲ ಎಂದಲ್ಲ. ಚಾಳೀಸು ಕೈ ಉದ್ದ ಸಾಲದೆ ಹೇಳುತ್ತದೆ, ಮಂಡಿ ‘ಅಯ್ಯಮ್ಮಾ’ ಎಂದು ಹೇಳುತ್ತದೆ. ಏರಿದ ಬಿ.ಪಿ. ಏನನ್ನೂ ಹೇಳುವುದಿಲ್ಲ. ಬಸ್ಸಿನಲ್ಲಿ ಯಾವ ಹುಡುಗನೂ ಎದ್ದು ‘ನಿಮ್ಮದು 170 ಇದೆ ಯಜಮಾನ್ರೆ’ ಎನ್ನುವುದಿಲ್ಲ. ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಇದೆ. ಬಿ.ಪಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ದಾಟಿದ್ದರೆ, ಬರಿಹೊಟ್ಟೆಯ ಶುಗರ್ 126 ಮುಟ್ಟಿದ್ದರೆ ಅದು ವಯಸ್ಸಲ್ಲ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ವಯಸ್ಸಿನ ಖಾತೆಗೆ ಹಾಕಲೇಬಾರದ ಇನ್ನೆರಡು ಇವೆ, ನೀವು ಬರೆಯದಿದ್ದರೂ ಕೇಳಿಬಿಡುತ್ತೇನೆ. ರಸ್ತೆಯಿಂದ ಮನೆಗೆ ಹತ್ತುವ ದಿಬ್ಬವನ್ನು ಹೋದ ದೀಪಾವಳಿಯಲ್ಲಿ ಒಂದೇ ಉಸಿರಿಗೆ ಹತ್ತಿದ್ದು, ಈ ವರ್ಷ ಎರಡು ಕಡೆ ನಿಂತು ಹತ್ತುತ್ತಿದ್ದರೆ, ಎದೆ ಹಿಡಿದ ಹಾಗೆ, ದಮ್ಮು ಕಟ್ಟಿದ ಹಾಗೆ ಆಗುತ್ತಿದ್ದರೆ, ಅದು ಹೃದಯದ ಪ್ರಶ್ನೆ. ಈ ಪತ್ರ ಅಲ್ಲಿಗೇ ಇಟ್ಟು ಇಸಿಜಿ ಮಾಡಿಸಲು ಹೊರಡಿ. ಎರಡನೆಯದು, ಅಡಿಕೆ ಬೆಳೆಗಾರರ ಎದುರು ಹೇಳಲು ಕಷ್ಟದ್ದು. ‘ಈಗೀಗ ಖಾರ ತಡೆಯಲ್ಲ, ಬಾಯಿ ಉರಿ, ವಯಸ್ಸಾಯ್ತು’ ಎಂದು ಎಲೆಯಡಿಕೆ ಕವಳ ಹಾಕುವವರು ಹೇಳುತ್ತಾರೆ. ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗುತ್ತದಾ ನೋಡಿ. ಹೋಗದಿದ್ದರೆ ಕೆನ್ನೆಯ ಒಳಪದರ ಗಟ್ಟಿಯಾಗುತ್ತಿದೆ, ಅಡಿಕೆ ಜಗಿಯುವುದರಿಂದ ಬರುವ ಕಾಯಿಲೆ ಅದು, ಮುಂದೆ ಕ್ಯಾನ್ಸರಿಗೆ ತಿರುಗುವುದೂ ಉಂಟು. ಅಡಿಕೆ ಬೆಳೆಯಿರಿ, ಮಾರಿ, ನನ್ನ ಅಡ್ಡಿ ಇಲ್ಲ. ನನ್ನ ತಂದೆಯೂ ಅದನ್ನೇ ಮಾರಿ ನನ್ನನ್ನು ಓದಿಸಿದರು.

ಮುಖ ಒಂದು ಕಡೆ ವಾಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಇದ್ದಕ್ಕಿದ್ದಂತೆ ಆದರೆ ಏನು ಮಾಡಬೇಕೆಂದು ನಿಮಗೆ ಗೊತ್ತಿರಬಹುದು. ಹೆಪ್ಪು ಕರಗಿಸುವ ಔಷಧಕ್ಕೆ ಇರುವುದು ನಾಲ್ಕೂವರೆ ಗಂಟೆ. ನಿಮ್ಮ ಊರಿನಿಂದ ದೊಡ್ಡ ಆಸ್ಪತ್ರೆಗೆ ಬರುವ ದಾರಿಯಲ್ಲೇ ಅದರಲ್ಲಿ ಒಂದು ಪಾಲು ಹೋಗುತ್ತದೆ, ಆದ್ದರಿಂದ ‘ಬೆಳಿಗ್ಗೆ ನೋಡೋಣ’ ಬೇಡ.

ಅಡಿಕೆ ಕೊಯ್ಲಿಗೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಬರಿಹೊಟ್ಟೆಯಲ್ಲಿ ಪರೀಕ್ಷೆಗೆ ಹೋಗಿ: ಬಿ.ಪಿ., ಶುಗರ್, ಬಿ-12, ಥೈರಾಯ್ಡ್, ಕಿವಿಯ ಆಡಿಯೋಗ್ರಾಮ್, ಕಣ್ಣಿನ ಒತ್ತಡ. ಎಲ್ಲ ಸೇರಿ ಒಂದು ದಿನದ ಕೆಲಸ. ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಜೀರುಂಡೆ ಯಾವಾಗಿನಿಂದ ಕೇಳಿಸುತ್ತಿಲ್ಲ ಎಂದು ಡಾಕ್ಟರು ಕೇಳುತ್ತಾರೆ, ಆ ಪ್ರಶ್ನೆಗೆ ಸರಿಯಾದ ಉತ್ತರ ಇರುವುದು ನಿಮ್ಮ ಹೆಂಡತಿಯ ಹತ್ತಿರ. ಅವರ ಬಿ.ಪಿ.ಯನ್ನೂ ನೋಡಿಸಿಬಿಡಿ, ಅವರೂ ಯಾವತ್ತೂ ಹೋದವರಲ್ಲ ಎಂದೇ ನನ್ನ ಅಂದಾಜು.